ಬಾಡಿಗೆ ಗದೆ, ಮೊಟ್ಟೆ ಟ್ರೇ ಮೊಸಳೆ

"ನೀವು ಕೊಪ್ಪಳದವರಲ್ವಾ? ಹಾಗಾದ್ರೆ ಕಿನ್ನಾಳದ ಗೊಂಬೆಗೆ ಹಾಕೋ ಅಂಟು ಹೇಗೆ ಮಾಡ್ತಾರೆ ಅಂತ ನಮ್ಮ ಮಕ್ಕಳಿಗೆ ತೋರಿಸಿಕೊಡಿ."

ಕಳೆದ ಮೇ ರಜೆಯಲ್ಲಿ ಪುಣೆಯ ಒಂದು ಮಕ್ಕಳ ನಾಟಕ ಶಿಬಿರಕ್ಕೆ ಮಗಳನ್ನು ಬಿಡಲು ಹೋಗಿದ್ದೆ. ಮರಾಠಿಯಲ್ಲಿ ಹೀಗೆ ಕೇಳಿದ್ದು ಅಲ್ಲಿನ ಟೀಚರ್. ಮಕ್ಕಳು ಅವರನ್ನು ತಾಈ, ಅಂದ್ರೆ ಅಕ್ಕ, ಅಂತ ಕರೆಯುತ್ತಾರೆ. ನನಗೆ ಉತ್ತರ ಗೊತ್ತಿರಲಿಲ್ಲ. ಊರಿನ ನಮ್ಮ ಮನೆಯಿಂದ ಕಿನ್ನಾಳಕ್ಕೆ ಬೈಕಿನಲ್ಲಿ ಅರ್ಧ ಗಂಟೆ ದಾರಿ. ಅಲ್ಲಿನ ಮರದ ಗೊಂಬೆಗಳಿಗೆ ಜಿಐ ಟ್ಯಾಗ್, ಅಂದ್ರೆ ಇದು ಈ ಊರಿನದೇ ಕಲೆ ಅನ್ನೋ ಸರ್ಕಾರಿ ಗುರುತು, ಸಿಕ್ಕಾಗ ಎಲ್ಲರಿಗೂ ಹೇಳಿಕೊಂಡು ಓಡಾಡಿದವನು ನಾನು. ಆದರೆ ಒಂದು ದಿನವೂ ಗೊಂಬೆ ಮಾಡುವ ಚಿತ್ರಗಾರರ ಮನೆಯಲ್ಲಿ ಕೂತು ಕೆಲಸ ನೋಡಿಲ್ಲ. ಶಾಲೆಯಲ್ಲಿ ಯಾರೂ ಕರೆದುಕೊಂಡು ಹೋಗಲೂ ಇಲ್ಲ.

ಆ ಶಿಬಿರದಲ್ಲಿ ಮಂಗ ಮತ್ತು ಮೊಸಳೆಯ ಕಥೆ ಆಡಿಸುತ್ತಿದ್ದರು. ಮೊಸಳೆಯನ್ನು ಮಕ್ಕಳೇ ಮಾಡಬೇಕು. ಥರ್ಮೋಕೋಲ್ ಮುಟ್ಟುವ ಹಾಗಿಲ್ಲ. ಮಹಾರಾಷ್ಟ್ರದಲ್ಲಿ 2018ರಿಂದ ಥರ್ಮೋಕೋಲ್ ಅಲಂಕಾರಕ್ಕೆ ನಿಷೇಧವಿದೆ. ಹಾಗಾಗಿ ಮೈಗೆ ರಟ್ಟಿನ ಪೆಟ್ಟಿಗೆ, ಬೆನ್ನಿಗೆ ಮೊಟ್ಟೆ ಟ್ರೇ. ಬೋರಲು ಹಾಕಿದ ಮೊಟ್ಟೆ ಟ್ರೇಗೆ ಹಸಿರು ಬಳಿದು ನೋಡಿ, ಥೇಟ್ ಮೊಸಳೆಯ ಚರ್ಮ! ದವಡೆ ತೆರೆದು ಮುಚ್ಚಬೇಕಲ್ಲ, ಅದಕ್ಕೆ ಹಳೇ ಜೀನ್ಸ್ ಪ್ಯಾಂಟಿನ ಪಟ್ಟಿಯನ್ನು ಕೀಲಿನ ಹಾಗೆ ಅಂಟಿಸಿದರು. ಮೊದಲ ಸಲ ರಟ್ಟಿನ ಮೇಲೆ ಅಂಟಿಸಿದ ಪೇಪರ್ ಪದರ ಜಾಸ್ತಿ ಆಗಿ ನಾಲ್ಕು ಮಕ್ಕಳಿಗೂ ಎತ್ತಲು ಆಗಲಿಲ್ಲ. ತಾಈ ಕೈ ಹಾಕಲಿಲ್ಲ. ಮಕ್ಕಳೇ ಯೋಚಿಸಿ ಒಳಗಿನ ರಟ್ಟನ್ನು ಕತ್ತರಿಸಿ ಹಗುರ ಮಾಡಿದರು. ಬಣ್ಣ ಒಣಗಿದ ಮೇಲೆ ತಾಈ ಎಲ್ಲರನ್ನೂ ಕೊನೆಯ ಸಾಲಿಗೆ ಕಳಿಸಿ, "ಇಲ್ಲಿಂದ ಮೊಸಳೆ ಅನ್ನಿಸುತ್ತಾ?" ಅಂತ ಕೇಳಿದರು. ಅನ್ನಿಸಲಿಲ್ಲ. ಮಕ್ಕಳು ಹಲ್ಲು ಇನ್ನೂ ದೊಡ್ಡದು ಮಾಡಿದರು.

ಅಲ್ಲಿ ನಿಂತಿದ್ದ ನನಗೆ ಜನವರಿಯಲ್ಲಿ ಊರಲ್ಲಿ ನೋಡಿದ ಗ್ಯಾದರಿಂಗ್, ಅಂದ್ರೆ ಶಾಲೆಯ ವಾರ್ಷಿಕೋತ್ಸವ, ನೆನಪಾಯಿತು. ಅಣ್ಣನ ಮಗ ಭೀಮ ಆಗಿದ್ದ. ಕಿರೀಟ, ಭುಜಕೀರ್ತಿ, ಗದೆ ಎಲ್ಲಾ ಬಾಡಿಗೆಯವು. ಗದೆಯ ಹಿಡಿಕೆ ಮೇಲೆ ಅಂಗಡಿಯ ನಂಬರ್ ಇತ್ತು. ಸ್ಟೇಜಿನ ಮೇಲೆ ಹುಡುಗ ಆ ಗದೆಯನ್ನು ಕೂಸಿನ ಹಾಗೆ ಎದೆಗೆ ಅವುಚಿಕೊಂಡು ನಿಂತ. ಕೆಳಗೆ ಬಂದ ಮೇಲೆ ಕೇಳಿದೆ, "ಯಾಕೋ, ದುರ್ಯೋಧನಗ ಒಂದು ಏಟೂ ಹಾಕಲಿಲ್ಲಲ್ಲ?"

"ಜೋರಾಗಿ ಬೀಸಬ್ಯಾಡ ಅಂದಾರ ಕಾಕಾ. ಬಾಡಗಿದೈತಿ. ಮುರದ್ರ ದಂಡ ಕಟ್ಟಬೇಕು."

ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಪುಣೆಯ ಮೊಸಳೆಯ ದವಡೆ ಪ್ರದರ್ಶನದ ದಿನವೇ ಕಿತ್ತು ಬಂತು. ಯಾರೂ ಅಳಲಿಲ್ಲ. ಪರದೆಯ ಹಿಂದೆ ಇಬ್ಬರು ಹುಡುಗಿಯರು ಎರಡು ಸೇಫ್ಟಿ ಪಿನ್ ಚುಚ್ಚಿ ಸರಿ ಮಾಡಿ ಒಳಗೆ ನೂಕಿದರು. ಅದರ ಹೊಟ್ಟೆಯಲ್ಲಿ ಎಲ್ಲೆಲ್ಲಿ ಏನಿದೆ ಅಂತ ಅವರಿಗೆ ಗೊತ್ತಿತ್ತಲ್ಲ!

ತಾಈ ಕೇಳಿದ ದಿನ ರಾತ್ರಿಯೇ ಅವ್ವನಿಗೆ ಫೋನ್ ಮಾಡಿದ್ದೆ. ಅವ್ವ ಒಂದೇ ಉಸಿರಿಗೆ ಹೇಳಿದಳು: "ಹುಣಸಿ ಬೀಜ ಹುರಿ, ಸಿಪ್ಪಿ ಬಿಡತಾವ. ರಾತ್ರಿ ನೆನಿ ಹಾಕು. ಮುಂಜಾನೆ ಸಣ್ಣಗ ರುಬ್ಬಿ ಕುದಸು, ಕೈ ಬಿಡದ ತಿರುವು. ಕಂಬಳಿ ನೇಯೋರೂ ಇದನ್ನ ಹಚ್ತಾರ. ಇಷ್ಟೂ ಗೊತ್ತಿಲ್ಲೇನು ನಿನಗ?"

ಆಮೇಲೆ ಹುಡುಕಿ ತಿಳಿದುಕೊಂಡೆ. ಕಿನ್ನಾಳದವರು ಹಗುರ ಮರದಲ್ಲಿ ಗೊಂಬೆ ಕೆತ್ತಿ, ತುಂಡುಗಳನ್ನು ಇದೇ ಅಂಟಿನಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿಯ ಪುಡಿ, ಮರದ ಹೊಟ್ಟು, ಈ ಅಂಟು ಸೇರಿದರೆ ಕಿಟ್ಟ. ಅದನ್ನು ಮೈತುಂಬಾ ಮೆತ್ತಿ, ಬಟ್ಟೆ ಚೂರು ಅಂಟಿಸಿ, ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟು ಆಮೇಲೆ ಬಣ್ಣ. ಒಳಗೆ ಹಗುರ, ಹೊರಗೆ ಗಟ್ಟಿ. ಮಕ್ಕಳ ನಾಟಕದ ಸಾಮಾನಿಗೆ ಬೇಕಾಗಿರೋದೂ ಇದೇ ಅಲ್ವಾ? ಪುಣೆಯ ಮಕ್ಕಳು ಹೊಸದಾಗಿ ಕಲಿತ ಪೇಪರ್ ಕೆಲಸವನ್ನು ನಮ್ಮ ಅವ್ವ ಎಷ್ಟೋ ವರ್ಷ ಮಾಡಿದ್ದಾಳೆ. ಹಳೇ ಪೇಪರ್ ನೆನೆಸಿ, ಮೆಂತ್ಯದ ಜೊತೆ ರುಬ್ಬಿ, ಕೊಡದ ಮೇಲೆ ಮೆತ್ತಿ ಬುಟ್ಟಿ ಮಾಡುತ್ತಿದ್ದಳು.

ತೊಗಲುಗೊಂಬೆಯ ಭೀಮವ್ವ ಶಿಳ್ಳೇಕ್ಯಾತರ ನಮ್ಮ ಕೊಪ್ಪಳ ತಾಲ್ಲೂಕಿನ ಮೋರನಾಳದವರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ವಾಟ್ಸಾಪಿನಲ್ಲಿ ಎಲ್ಲರೂ ಅವರ ಫೋಟೋ ಹಾಕಿದೆವು. ಗ್ಯಾದರಿಂಗಿಗೆ ಮಾತ್ರ ಸೀದಾ ಬಾಡಿಗೆ ಅಂಗಡಿಗೆ ಹೋಗುತ್ತೇವೆ. ಇಷ್ಟೆಲ್ಲಾ ಕೈಕೆಲಸ ಸುತ್ತಲೂ ಇಟ್ಟುಕೊಂಡು ಮಗುವಿನ ಕೈಗೆ ಬರೀ ಹೆದರಿಕೆ ಕೊಡೋದು ನನಗೆ ಸಹಿಸೋಕೆ ಆಗಲ್ಲ.

ಇದನ್ನೆಲ್ಲಾ ಅಣ್ಣನಿಗೆ ಸಿಟ್ಟಿನಲ್ಲೇ ಹೇಳಿದೆ. ಅವನು ಸಮಾಧಾನದಿಂದ ಕೇಳಿ, "ನಿಮ್ಮ ಶಿಬಿರದಾಗ ಎಷ್ಟು ಮಕ್ಕಳು?" ಅಂದ. ಇಪ್ಪತ್ತು. "ಫೀ ಎಷ್ಟು?" ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇಲ್ಲಿ ಇನ್ನೂರು ಮಕ್ಕಳು ಸ್ಟೇಜ್ ಹತ್ತುತ್ತಾರೆ, ಅವರಲ್ಲಿ ಕೂಲಿಗೆ ಹೋಗುವವರ ಮಕ್ಕಳೂ ಇದ್ದಾರೆ, ನೂರು ರೂಪಾಯಿ ಬಾಡಿಗೆಗೆ ಅವರೂ ಒಂದು ರಾತ್ರಿ ಕಿರೀಟ ಇಡುತ್ತಾರೆ ಅಂದ. ಗ್ಯಾದರಿಂಗ್ ತಯಾರಿಗೆ ಸರ್‌ಗೆ ಸಿಗೋದು ಎಂಟು ದಿನ, ಅದೂ ಪಾಠ ಮುಗಿದ ಮೇಲೆ. ಅದು ನಿಜ. ಪುಣೆಯಲ್ಲೂ ಫೀ ಕಟ್ಟಲಾಗದ ಮಕ್ಕಳಿಗೆ ಆ ಮೊಸಳೆ ಸಿಕ್ಕಿಲ್ಲ ಅನ್ನೋದನ್ನೂ ನಾನು ಒಪ್ಪಲೇಬೇಕು.

ಆದರೂ ಒಂದು ಗದೆಗೆ ಇನ್ನೂರು ಮಕ್ಕಳು ಬೇಕಾಗಿಲ್ಲ. ದೀಪಾವಳಿಗೆ ಊರಿಗೆ ಹೋಗುತ್ತಿದ್ದೇನೆ. ಅವ್ವ ಹುಣಸೆ ಬೀಜ ಒಣಗಿಸಿ ಡಬ್ಬಿಯಲ್ಲಿ ಇಟ್ಟಿದ್ದಾಳಂತೆ. ಅಣ್ಣನ ಮಗ ಹಳೇ ಪೇಪರ್ ಕೂಡಿಡುತ್ತಿದ್ದಾನೆ. ಈ ಸಲವೂ ಅವನೇ ಭೀಮ.