ಹಾಸಿಗೆಗಿಂತ ಉದ್ದದ ಕಾಲು

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ಕಟ್ಟಿದವರು ಸ್ಕೀ ಕಟ್ಟಿಕೊಂಡು ನಿಂತವರನ್ನು ನೋಡಿರಲಿಕ್ಕಿಲ್ಲ. ಕಾಲಿಗೆ ಒಂದೂವರೆ ಮೀಟರ್ ಉದ್ದದ ಹಲಗೆ ಸೇರಿಕೊಂಡ ಮೇಲೆ ಯಾವ ಹಾಸಿಗೆ ತಾನೇ ಸಾಲುತ್ತದೆ? ನಾನು ಹಾಗೆ ನಿಂತವನು. ಅದೂ ಹಾಸಿಗೆ ತೀರಾ ಗಿಡ್ಡವಾಗಿದ್ದ ಒಂದು ವರ್ಷ.

ಗೆಳೆಯ ಫೋನ್ ಮಾಡಿ, "ಈ ಸಲ ರಜಕ್ಕೆ ಸ್ಕೀಯಿಂಗ್ ಹೋಗೋಣ ಕಣೋ, ಹಿಮದ ಮೇಲೆ ಜಾರಬಹುದು" ಅಂದ. "ಜಾರೋದಕ್ಕೆ ಬಚ್ಚಲುಮನೆ ಸಾಲದಾ?" ಅಂದೆ. ಅವನು ನಗಲಿಲ್ಲ. ಆಗಲೇ ಖರ್ಚಿನ ಪಟ್ಟಿ ಬರೆದು ಇಟ್ಟುಕೊಂಡಿದ್ದ. ಓದುತ್ತಾ ಹೋದ: ಪ್ರಯಾಣ, ರೂಮು, ಲಿಫ್ಟಿನ ಪಾಸು, ಸ್ಕೀ ಬಾಡಿಗೆ, ಬೂಟು ಬಾಡಿಗೆ, ಹೆಲ್ಮೆಟ್ ಬಾಡಿಗೆ, ಪಾಠ, ವಿಮೆ, ಜಾಕೆಟ್ಟು, ಪ್ಯಾಂಟು, ಕೈಗವಸು, ಕನ್ನಡಕ, ಬೆಟ್ಟದ ಮೇಲಿನ ಊಟ. ಮುಗಿಯುವಷ್ಟರಲ್ಲಿ ಅವನ ದನಿಯೇ ಸಣ್ಣಗಾಗಿತ್ತು.

ಆ ಪಟ್ಟಿಯನ್ನು ಎರಡು ದಿನ ಇಟ್ಟುಕೊಂಡು ನೋಡಿದೆ. ಆಗ ಒಂದು ವಿಷಯ ಹೊಳೆಯಿತು. ಇಳಿಯೋದಕ್ಕೆ ಇಲ್ಲಿ ಯಾರೂ ದುಡ್ಡು ಕೇಳುತ್ತಿಲ್ಲ. ಭೂಮಿ ಬಿಟ್ಟಿಯಾಗಿಯೇ ಕೆಳಗೆ ಎಳೆದುಕೊಳ್ಳುತ್ತದೆ, ನಾವು ಬೇಡ ಅಂದರೂ ಎಳೆದುಕೊಳ್ಳುತ್ತದೆ. ದುಡ್ಡೆಲ್ಲ ಹತ್ತೋದಕ್ಕೆ. ಲಿಫ್ಟಿನ ಪಾಸು ಅಂದರೆ ಯಂತ್ರದಲ್ಲಿ ಬೆಟ್ಟ ಹತ್ತುವ ಕೂಲಿ. ಮೇಲಿನ ಊಟ ದುಬಾರಿ, ಯಾಕೆಂದರೆ ಆ ಊಟವೂ ನಮ್ಮ ಹಾಗೆಯೇ ಬೆಟ್ಟ ಹತ್ತಿ ಬಂದಿರುತ್ತದೆ. ಮೇಲಿನ ರೂಮು ಕಣಿವೆಯ ರೂಮಿಗಿಂತ ದುಬಾರಿ, ಅದೂ ಎತ್ತರದ್ದೇ ಲೆಕ್ಕ. ಹಾಗಾದರೆ ಕಡಿಮೆ ದುಡ್ಡಿನಲ್ಲಿ ಸ್ಕೀಯಿಂಗ್ ಮಾಡುವುದು ಅಂದರೆ ಏನು? ಆದಷ್ಟು ಕಡಿಮೆ ಹತ್ತುವುದು. ಇದಕ್ಕೆ ನಾನು ಹೇಳಿ ಮಾಡಿಸಿದ ಮನುಷ್ಯ.

ಅಷ್ಟಕ್ಕೂ ಇದು ಸಿರಿವಂತರು ಹುಟ್ಟಿಸಿದ ಆಟವೇ ಅಲ್ಲ. ಸ್ಕೀ ಅನ್ನುವ ಮಾತಿನ ಮೂಲ ಹಳೆಯ ನಾರ್ಸ್ ಭಾಷೆಯಲ್ಲಿದೆ. ಅರ್ಥ, ಸೀಳಿದ ಕಟ್ಟಿಗೆ. ಸೌದೆಗೆ ಹತ್ತಿರದ ಸಾಮಾನು. ಇವತ್ತಿನ ಸ್ಕೀಯಿಂಗಿಗೆ ಅಪ್ಪ ಅಂತ ಹೆಸರಾದ ಸೋಂದ್ರೆ ನೂರ್‌ಹೈಮ್ ನಾರ್ವೆಯ ಟೆಲೆಮಾರ್ಕ್ ಸೀಮೆಯಲ್ಲಿ, ಮೂರ್ಗೆದಾಲ್ ಅನ್ನುವ ಕಡೆ 1825ರಲ್ಲಿ ಹುಟ್ಟಿದ ಬಡ ಗೇಣಿದಾರ. ಎಳೆ ಬೆತ್ತದಂಥ ಕಡ್ಡಿಗಳನ್ನು ಬಗ್ಗಿಸಿ ಹಿಮ್ಮಡಿಯ ಸುತ್ತ ಕಟ್ಟಿಕೊಂಡು, ಹಲಗೆ ಕಾಲಿಂದ ಕಳಚದ ಹಾಗೆ ಮಾಡಿದ. ಹಲಗೆ ಕಾಲಲ್ಲಿ ಉಳಿದದ್ದರಿಂದ ತಿರುಗುವುದು, ಹಾರುವುದು ಎಲ್ಲ ಸಾಧ್ಯವಾಯಿತು. 1868ರಲ್ಲಿ, 42ರ ವಯಸ್ಸಿನಲ್ಲಿ, ರಾಜಧಾನಿಯ ಸ್ಪರ್ಧೆಗೆ ಬಂದು ಪಟ್ಟಣದ ಜನ ಬಾಯಿಬಿಟ್ಟು ನೋಡುವ ಹಾಗೆ ಮಾಡಿದ. ಲಿಫ್ಟೂ ಇಲ್ಲ, ಪಾಸೂ ಇಲ್ಲ. ಹತ್ತಿದ್ದೂ ಅವನ ಕಾಲೇ, ಇಳಿದದ್ದೂ ಅವನ ಕಾಲೇ. ಬಡತನ ಮಾತ್ರ ಇಳಿಯಲಿಲ್ಲ. 1884ರಲ್ಲಿ ಸಂಸಾರದ ಜೊತೆ ಅಮೆರಿಕಕ್ಕೆ ಹೋದ. ಕೊನೆಗೆ ನೆಲೆ ನಿಂತದ್ದು ಎಲ್ಲಿ ಅಂದರೆ ಡಕೋಟಾದ ಬಯಲಿನಲ್ಲಿ, ಜಾರುವುದಕ್ಕೆ ಒಂದು ದಿಬ್ಬವೂ ಸರಿಯಾಗಿ ಸಿಗದ ನೆಲದಲ್ಲಿ. ಈ ಸಂಗತಿ ಓದಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಹತ್ತುವ ಕಷ್ಟ ತಪ್ಪಿಸಿದ್ದು ಬಾಳೆಗೊನೆ. ತಮಾಷೆ ಅಲ್ಲ. 1936ರಲ್ಲಿ ಅಮೆರಿಕದ ಸನ್ ವ್ಯಾಲಿ ಎಂಬಲ್ಲಿ ಒಂದು ರೈಲು ಕಂಪನಿ ಜಗತ್ತಿನ ಮೊದಲ ಚೇರ್‌ಲಿಫ್ಟ್ ಹಾಕಿಸಿತು. ಅದರ ಎಂಜಿನಿಯರ್ ಜೇಮ್ಸ್ ಕರನ್‌ಗೆ ಹಡಗಿಗೆ ಬಾಳೆಗೊನೆ ತುಂಬುವ ಯಂತ್ರದ ಕೆಲಸ ಗೊತ್ತಿತ್ತು. ಕೊಕ್ಕೆಗಳ ಸಾಲು, ಕೊಕ್ಕೆಗೊಂದು ಗೊನೆ. ಆತ ಕೊಕ್ಕೆಯ ಜಾಗದಲ್ಲಿ ಕುರ್ಚಿ ತೂಗುಹಾಕಿದ, ಗೊನೆಯ ಜಾಗದಲ್ಲಿ ಮನುಷ್ಯನನ್ನು ಕೂರಿಸಿದ. ಅಲ್ಲಿಂದ ಶುರುವಾಯಿತು ನೋಡಿ, ಕುರ್ಚಿಯಲ್ಲಿ ಕೂತು ಹತ್ತುವ ಕೂಲಿ.

ಅಂತೂ ಹೊರಟೆವು. ಫ್ರಾನ್ಸಿನ ಆಲ್ಪ್ಸ್ ಕಡೆಗೆ. ಬಲ್ಗೇರಿಯದ ಬಾನ್ಸ್ಕೋ ಇನ್ನೂ ಅಗ್ಗ ಅಂತ ಕೇಳಿದ್ದೆವು, ಆದರೆ ನಮಗೆ ಸಿಕ್ಕ ಅಗ್ಗದ ಟಿಕೆಟ್ಟು ಈ ಕಡೆಯದು. ಕಾಲ ಆರಿಸಿದ್ದು ನಾನು, ಅದರ ಬಗ್ಗೆ ಇವತ್ತಿಗೂ ಹೆಮ್ಮೆ ಇದೆ. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದ ತನಕ ಎಲ್ಲಕ್ಕೂ ರೇಟು ಜಾಸ್ತಿ. ಫೆಬ್ರವರಿಯಲ್ಲಿ ಶಾಲೆಗೆ ರಜೆ, ಆಗಲೂ ಜಾಸ್ತಿ. ಫ್ರಾನ್ಸಿನವರು ದೇಶವನ್ನು ಮೂರು ವಲಯ ಮಾಡಿ ಬೇರೆ ಬೇರೆ ವಾರ ರಜೆ ಕೊಡುತ್ತಾರೆ, ಜನ ಒಂದೇ ಸಲ ಬೆಟ್ಟಕ್ಕೆ ಮುಗಿಬೀಳಬಾರದು ಅಂತ. ಒಳ್ಳೆಯ ಉಪಾಯವೇ, ಆದರೆ ದುಬಾರಿ ಕಾಲವೂ ಅದರ ಜೊತೆ ಹಿಗ್ಗುತ್ತದೆ. ಹೊಸ ವರ್ಷದ ಗದ್ದಲ ಮುಗಿದ ಮೇಲೆ ಜನವರಿಯಲ್ಲಿ ಎರಡು ಮೂರು ವಾರ ಬೆಟ್ಟ ಖಾಲಿ ಬಿದ್ದಿರುತ್ತದೆ. ಚಳಿ ಜಾಸ್ತಿ, ಹಗಲು ಕಡಿಮೆ. ಆದರೆ ರೂಮಿನವರು ಫೋನಿನಲ್ಲಿ ಮಾತಾಡುವ ದನಿಯೇ ಬೇರೆ ಇರುತ್ತದೆ.

ಬಟ್ಟೆಯನ್ನಂತೂ ಪೂರ್ತಿ ಕಡ ತಂದೆವು. ನನ್ನ ಜಾಕೆಟ್ಟಿನ ಒಡೆಯ ನನಗಿಂತ ಒಂದು ಅಡಿ ಎತ್ತರ, ಪ್ಯಾಂಟಿನ ಒಡೆಯ ನನಗಿಂತ ಅರ್ಧ ಅಡಿ ಕುಳ್ಳ. ಮಧ್ಯದಲ್ಲಿ ನಾನು. ಒಂದು ಮಾತು ಮಾತ್ರ ನೆನಪಿಡಿ, ಜೀನ್ಸ್ ಹಾಕಿಕೊಂಡು ಹೋಗಬೇಡಿ. ಬಿದ್ದಾಗೆಲ್ಲ ಒದ್ದೆಯಾಗುತ್ತದೆ, ಒದ್ದೆಯಾದದ್ದು ಹೆಪ್ಪುಗಟ್ಟುತ್ತದೆ, ಸಂಜೆಗೆ ಕಾಲು ಮಡಿಸಿದರೆ ಹಪ್ಪಳ ಮುರಿದ ಸದ್ದು ಬರುತ್ತದೆ. ಕಾಲುಚೀಲವೂ ಒಂದೇ ಜೊತೆ ಸಾಕು. ಚಳಿ ಅಂತ ನಾನು ಎರಡು ಹಾಕಿದೆ. ಬೂಟಿನೊಳಗೆ ಅವು ಮಡಚಿಕೊಂಡು ರಕ್ತ ಓಡದೆ ಬೆರಳು ಇನ್ನಷ್ಟು ತಣ್ಣಗಾದವು.

ಸ್ಕೀ ಬಾಡಿಗೆ ಅಂಗಡಿಯ ಹುಡುಗ ನನ್ನ ಎತ್ತರ ಕೇಳಿದ, ವಯಸ್ಸು ಕೇಳಿದ, ತೂಕ ಕೇಳಿದ. ಸುತ್ತ ಜನ ಇದ್ದರು. ನಾಲ್ಕು ಕೆ.ಜಿ. ಕಡಿಮೆ ಹೇಳೋಣ ಅನ್ನಿಸಿತು. ಬಾಯಿ ತೆರೆಯುವ ಮೊದಲೇ ಗೆಳೆಯ ಪಕ್ಕೆಗೆ ತಿವಿದು, "ನಿಜ ಹೇಳೋ" ಅಂದ. ಆಮೇಲೆ ಗೊತ್ತಾಯಿತು. ಬೂಟನ್ನು ಹಲಗೆಗೆ ಹಿಡಿದಿಡುವ ಬಿಗಿಯನ್ನು ನಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ, ಎಷ್ಟು ಕಲಿತಿದ್ದೇವೆ ಅನ್ನುವುದು, ಇಷ್ಟೂ ನೋಡಿ ಹೊಂದಿಸುತ್ತಾರೆ. ಸರಿಯಾದ ಬಿಗಿ ಇದ್ದರೆ ಜೋರಾಗಿ ಬಿದ್ದಾಗ ಹಲಗೆ ಕಳಚಿಕೊಳ್ಳುತ್ತದೆ. ಜಾಸ್ತಿಯಾದರೆ ಹಲಗೆ ಕಾಲಲ್ಲೇ ಉಳಿದು ಮಂಡಿ ತಿರುಚುತ್ತದೆ, ಕಡಿಮೆಯಾದರೆ ಸುಮ್ನೆ ಹೋಗುತ್ತಿರುವಾಗಲೇ ಕಾಲು ಒಂದು ಕಡೆ, ಹಲಗೆ ಒಂದು ಕಡೆ. ನೂರ್‌ಹೈಮ್ ಹಲಗೆ ಕಳಚದಿರಲಿ ಅಂತ ಕಷ್ಟಪಟ್ಟ, ಈಗಿನವರು ಹೊತ್ತಿಗೆ ಸರಿಯಾಗಿ ಕಳಚಲಿ ಅಂತ ಕಷ್ಟಪಡುತ್ತಾರೆ. ತೂಕದ ವಿಷಯದಲ್ಲಿ ನಾನು ನಿಜ ಹೇಳಿದ ಏಕೈಕ ಸಂದರ್ಭ ಅದು.

ರೂಮು ಕಣಿವೆಯಲ್ಲಿ. ಅಲ್ಲಿಂದ ಬೆಟ್ಟದ ಬುಡಕ್ಕೆ ಬಿಟ್ಟಿ ಬಸ್ಸು. ಬಸ್ಸೇನೋ ಬಿಟ್ಟಿ, ಆದರೆ ಸ್ಕೀ ಬೂಟು ಹಾಕಿಕೊಂಡು ಬಸ್ ಸ್ಟಾಪಿಗೆ ನಡೆಯಬೇಕಲ್ಲ! ಆ ಬೂಟಿನಲ್ಲಿ ಕಣಕಾಲು ಬಗ್ಗುವುದಿಲ್ಲ. ಹೆಗಲ ಮೇಲೆ ಹಲಗೆ, ಕೈಯಲ್ಲಿ ಕೋಲು, ಬೆನ್ನಿಗೆ ಚೀಲ. ಹಿಂದಿನಿಂದ ಗೆಳೆಯ ಕರೆದ ಅಂತ ನಾನು ತಿರುಗಿದರೆ ಹೆಗಲ ಮೇಲಿನ ಹಲಗೆಯೂ ತಿರುಗುತ್ತದೆ, ಅಕ್ಕಪಕ್ಕದ ನಾಲ್ಕು ಜನ ಒಟ್ಟಿಗೆ ತಲೆ ಬಗ್ಗಿಸುತ್ತಾರೆ. ಯಾವ ರಾಜನಿಗೂ ಅಷ್ಟು ಮರ್ಯಾದೆ ಸಿಕ್ಕಿರಲಿಕ್ಕಿಲ್ಲ.

ಅದೇ ಆಲ್ಪ್ಸ್‌ನಲ್ಲಿ ಕೂರ್ಶೆವೆಲ್, ಮೆರಿಬೆಲ್, ವಾಲ್ ತೊರಾನ್ಸ್ ಇರುವ ಮೂರು ಕಣಿವೆಗಳ ಪ್ರದೇಶವಿದೆ. ಒಂದಕ್ಕೊಂದು ಸೇರಿದ ಸುಮಾರು 600 ಕಿ.ಮೀ. ಇಳಿಜಾರು, ಒಂದೇ ಪಾಸು. ಹೊಸಬರು ಅಂಥ ಪಾಸು ಕೊಳ್ಳುವುದನ್ನು ನೋಡಿದರೆ ಅಯ್ಯೋ ಅನ್ನಿಸುತ್ತದೆ. ಮೊದಲ ಮೂರು ದಿನ ನಾನು ಬಳಸಿದ ಭೂಮಿ ಹೆಚ್ಚೆಂದರೆ ನೂರು ಮೀಟರ್, ಅದರಲ್ಲಿ ಅರ್ಧ ಬೆನ್ನ ಮೇಲೆ. ಕಲಿಯುವವರಿಗಾಗಿ ಬುಡದಲ್ಲೇ ಒಂದು ಸಣ್ಣ ಇಳಿಜಾರು ಇರುತ್ತದೆ, ಪಕ್ಕದಲ್ಲೇ, ಮೇಲೆ ಹತ್ತಿ ನಿಂತರೆ ಸಾಕು, ತಾನೇ ಮೇಲಕ್ಕೆ ಸಾಗಿಸುವ ಬೆಲ್ಟು. ಅದಕ್ಕೆ ಮ್ಯಾಜಿಕ್ ಕಾರ್ಪೆಟ್ ಅನ್ನುತ್ತಾರೆ. ಎಷ್ಟೋ ಕಡೆ ಅದಕ್ಕೆ ದುಡ್ಡೇ ಇಲ್ಲ. ನಮ್ಮಲ್ಲೂ ಇರಲಿಲ್ಲ. ಪಾಸಿಲ್ಲದೆ ಮೂರು ದಿನ ಕಳೆದೆವು. ಜೊತೆಗಾರರು ಬಹುತೇಕ ನಾಲ್ಕು ವರ್ಷದ ಮಕ್ಕಳು. ಕೋಲು ಕೂಡ ಇಲ್ಲದೆ ಸೊಯ್ಯನೆ ಹೋಗುತ್ತಿದ್ದರು, ಬೀಳುವುದಕ್ಕೆ ಅವರಿಗೆ ದೂರವೇ ಇಲ್ಲವಲ್ಲ.

ಮೊದಲ ದಿನ ಪಾಠದ ಖರ್ಚು ಉಳಿಸಲು ಹೋದೆವು. ಗೆಳೆಯ ಒಂದಷ್ಟು ವಿಡಿಯೊ ನೋಡಿ ಬಂದಿದ್ದ. "ಮುಂದೆ ತುದಿ ಹತ್ತಿರ ತಾ, ಹಿಂದೆ ಅಗಲ ಮಾಡು, ನಿಲ್ಲುತ್ತೆ" ಅಂದ. ನಾನು ಹಾಗೇ ಮಾಡಿದೆ. ನಿಲ್ಲಲಿಲ್ಲ. ಹಲಗೆಯ ತುದಿಗಳು ಒಂದರ ಮೇಲೊಂದು ಹತ್ತಿ ಕೂತವು, ನಾನು ಮುಖ ಅಡಿಯಾಗಿ ಮಲಗಿದೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಅದು ಅಕ್ಷರಶಃ ನಿಜವಾದದ್ದು ಅವತ್ತು. ಮಣ್ಣು ಒಂದೂವರೆ ಮೀಟರ್ ಕೆಳಗಿತ್ತು. ಎದ್ದು ನಿಲ್ಲಲು ಹದಿನೈದು ನಿಮಿಷ ಬೇಕಾಯಿತು. ಅಷ್ಟರಲ್ಲಿ ಗುರುಗಳು ಯಾರದೋ ಮಕ್ಕಳ ಸಾಲಿನೊಳಗೆ ನುಗ್ಗಿ ಬೈಸಿಕೊಳ್ಳುತ್ತಿದ್ದರು. ಮುಂದಿರುವವನಿಗೆ ದಾರಿಯ ಹಕ್ಕು, ಹಿಂದಿನಿಂದ ಬರುವವನೇ ತಪ್ಪಿಸಿಕೊಂಡು ಹೋಗಬೇಕು ಅನ್ನುವ ನಿಯಮ ಆ ವಿಡಿಯೊಗಳಲ್ಲಿ ಇರಲಿಲ್ಲವಂತೆ. ಮಧ್ಯಾಹ್ನವೇ ಹೋಗಿ ಗುಂಪಿನ ಪಾಠಕ್ಕೆ ಸೇರಿದೆವು. ಎರಡು ತಾಸಿನಲ್ಲಿ ನಿಲ್ಲುವುದು ಬಂತು. ಪಾಠದಲ್ಲಿ ಉಳಿಸಬೇಡಿ.

ಉಳಿಸಬಾರದ್ದು ಇನ್ನೊಂದೆರಡು ಇವೆ. ಒಂದು ವಿಮೆ. ಮಾಮೂಲಿ ಪ್ರಯಾಣ ವಿಮೆಯಲ್ಲಿ ಎಷ್ಟೋ ಸಲ ಸ್ಕೀಯಿಂಗ್ ಸೇರಿರುವುದಿಲ್ಲ ಅನ್ನುವುದು ಬಹಳ ಜನಕ್ಕೆ ಬಿದ್ದ ಮೇಲೆ ತಿಳಿಯುತ್ತದೆ. ಗುರುತು ಹಾಕಿದ ದಾರಿ ಬಿಟ್ಟು ಹೋಗಿ ಬಿದ್ದರೆ, ಕುಡಿದು ಬಿದ್ದರೆ, ಅವರ ತಕರಾರು ಬೇರೆ. ಫ್ರಾನ್ಸಿನಲ್ಲಿ ಕಾರೆ ನೇಜ್ ಅಂತ ಒಂದು ವಿಮೆ ಇದೆ, ಪಾಸಿನ ಜೊತೆಗೇ ದಿನದ ಲೆಕ್ಕದಲ್ಲಿ ಕೊಳ್ಳಬಹುದು. ಕಾಲು ಮುರಿದು ಹೆಲಿಕಾಪ್ಟರ್ ಬಂತು ಅಂದರೆ ಅದೊಂದೇ ಸಂದರ್ಭದಲ್ಲಿ ಇಳಿಯೋದಕ್ಕೂ ದುಡ್ಡು ಬೀಳುತ್ತದೆ, ಹತ್ತೋದಕ್ಕಿಂತ ಎಷ್ಟೋ ಪಟ್ಟು. ಇನ್ನೊಂದು ಕನ್ನಡಕ. ಪ್ರತಿ ಸಾವಿರ ಮೀಟರ್ ಮೇಲೆ ಹೋದ ಹಾಗೆ ಬಿಸಿಲಿನ ಅತಿನೇರಳೆ ಕಿರಣ ಶೇಕಡಾ 10ರಷ್ಟು ಹೆಚ್ಚುತ್ತದೆ, ಹೊಸ ಹಿಮ ಅದರಲ್ಲಿ ಶೇಕಡಾ 80ರ ತನಕ ತಿರುಗಿ ಮುಖಕ್ಕೇ ಎಸೆಯುತ್ತದೆ. ಗೆಳೆಯ ಚಳಿಯಲ್ಲಿ ಎಂಥಾ ಬಿಸಿಲು ಅಂತ ಕ್ರೀಮು ಹಚ್ಚಲಿಲ್ಲ. ಕನ್ನಡಕ ಮಾತ್ರ ಹಾಕಿದ್ದ. ನಾಲ್ಕನೇ ದಿನಕ್ಕೆ ಕಣ್ಣ ಸುತ್ತ ಬಿಳಿ, ಉಳಿದ ಮುಖ ಕೆಂಪು. ಮಕ್ಕಳು ಅವನನ್ನು ನೋಡಲು ಬೆಲ್ಟಿನಿಂದ ತಿರುಗುತ್ತಿದ್ದರು.

ಊಟಕ್ಕೆ ಬುತ್ತಿ. ಹೋಟೆಲಿನ ಮುಂದೆ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತವರನ್ನು ನೋಡಿದರೆ ಬುತ್ತಿ ಬಿಚ್ಚಲು ಮೊದಲ ದಿನ ನಾಚಿಕೆ. ಆಮೇಲೆ ನೋಡಿದರೆ ಬುತ್ತಿ ತಂದವರಿಗೇ ಅಂತ ಒಂದು ಕೋಣೆ ಇದೆ, ಬಾಗಿಲ ಮೇಲೆ ಸಾಲ್ ಓರ್ ಸಾಕ್ ಅಂತ ಬರೆದಿರುತ್ತದೆ. ಉದ್ದನೆ ಬೆಂಚು, ಬೆಚ್ಚಗಿನ ಗಾಳಿ, ಬೂಟು ಸಡಿಲಿಸಿಕೊಂಡು ಕೂತ ಜನ. ಬಹುತೇಕ ಆ ದೇಶದವರೇ! ವರ್ಷ ವರ್ಷ ಬರುವವರು, ಬೆಟ್ಟ ಚೆನ್ನಾಗಿ ಗೊತ್ತಿದ್ದವರು. ಹೊರಗೆ ಬಿಸಿಲಿನಲ್ಲಿ ದುಬಾರಿ ತಟ್ಟೆಯ ಮುಂದೆ ಕೂತವರು ನಮ್ಮ ಹಾಗೆ ಹೊಸಬರು. ನಾಚಿಕೆ ಅಲ್ಲಿಗೆ ಮುಗಿಯಿತು.

ಕೊನೆಯ ದಿನ ಮನಸ್ಸು ಕೇಳಲಿಲ್ಲ. ಮಧ್ಯಾಹ್ನದ ಅರ್ಧ ದಿನದ ಪಾಸು ಕೊಂಡೆವು, ಪೂರ್ತಿ ದಿನದ್ದಕ್ಕಿಂತ ಕಡಿಮೆ ಅಂತ ಸಮಾಧಾನ ಮಾಡಿಕೊಂಡು. ಬಾಳೆಗೊನೆಗಳ ಹಾಗೆ ತೂಗಾಡುತ್ತಾ ಮೇಲೆ ಹೋದೆವು. ಕೆಳಗೆ ಮರಗಳು, ಅವುಗಳ ನಡುವೆ ಯಾವುದೋ ಪ್ರಾಣಿಯ ಹೆಜ್ಜೆ, ಸದ್ದೇ ಇಲ್ಲ. ಅಷ್ಟು ಚೆಂದದ ಹತ್ತು ನಿಮಿಷ ನನ್ನ ಜನ್ಮದಲ್ಲಿ ಕಡಿಮೆ. ಮೇಲೆ ನಿಂತು ನೋಡಿದ ಮೇಲೆ ಗೊತ್ತಾಯಿತು, ದೂರದ ಬೆಟ್ಟ ನುಣ್ಣಗೆ ಅನ್ನುವುದು ಯಾಕೆ ಅಂತ. ಬುಡದಿಂದ ಮೇಜಿನ ಹಾಗೆ ಕಂಡ ಹಸಿರು ಗುರುತಿನ ದಾರಿ, ಅಲ್ಲಿ ಅದೇ ಎಲ್ಲಕ್ಕಿಂತ ಸುಲಭದ್ದು, ಮೇಲಿಂದ ಬಾವಿಯ ಹಾಗೆ ಕಂಡಿತು. ಕಾಲು ಗಂಟೆ ಅದನ್ನು ನೋಡುತ್ತಾ ನಿಂತೆವು. ಮಕ್ಕಳು ಪಕ್ಕದಿಂದ ಹಾದು ಹೋದರು. ಒಬ್ಬ ಅಜ್ಜಿ ಹಾದು ಹೋದರು.

ಇಳಿಯಲು ಎರಡು ತಾಸು ಹಿಡಿಯಿತು. ಬುಡದಲ್ಲಿ ಹಿಮದ ಮೇಲೆ ಕೂತು ಗೆಳೆಯ ಲೆಕ್ಕ ಹಾಕಿದ. "ಅರ್ಧ ದಿನದ ಪಾಸು, ಹತ್ತಿದ್ದು ಒಂದೇ ಸಲ. ಒಂದು ಸಲ ಹತ್ತೋಕೆ ಇಷ್ಟು ದುಡ್ಡಾ ಮಾರಾಯ?"

"ಇಳಿದದ್ದು ಬಿಟ್ಟಿ ಅಲ್ವಾ" ಅಂದೆ.

ಅವನು ಗಡಿಯಾರ ನೋಡಿದ. ಲಿಫ್ಟ್ ನಿಲ್ಲಲು ಇನ್ನೂ ಆರು ನಿಮಿಷ ಇತ್ತು. ಇಬ್ಬರೂ ಎದ್ದು, ಬಗ್ಗದ ಬೂಟಿನಲ್ಲಿ, ಹಲಗೆಗಳನ್ನು ತಬ್ಬಿಕೊಂಡು, ಬಾತುಕೋಳಿಗಳ ಹಾಗೆ ಓಡಿದೆವು.