ಕಂಪ್ಯೂಟರ್ ತಾನಾಗಿ ಆಫ್ ಆಗ್ತಿದೆಯಾ? ಫಾರ್ಮ್ಯಾಟ್ ಹೊಡೆಸೋಕೆ ಮುಂಚೆ ಇದನ್ನು ಓದಿ

ಮನೆಯ ಡೆಸ್ಕ್‌ಟಾಪ್ ದಿನಕ್ಕೆರಡು ಸಲ ತಾನಾಗಿ ಆಫ್ ಆಗುತ್ತದೆ, ಇಲ್ಲ ನೀಲಿ ಪರದೆ ತೋರಿಸಿ ರೀಸ್ಟಾರ್ಟ್ ಆಗುತ್ತದೆ. ರಿಪೇರಿಗೆ ಒಯ್ದರೆ ಬಹಳಷ್ಟು ಕಡೆ ಮೊದಲು ಕೇಳಿಬರುವ ಮಾತು "ಫಾರ್ಮ್ಯಾಟ್ ಹೊಡೆದುಬಿಡೋಣ ಸರ್". ಅದಕ್ಕೂ ಸರಿಹೋಗದಿದ್ದರೆ "ರ‍್ಯಾಮ್ ಜಾಸ್ತಿ ಹಾಕ್ಸಿ". ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಯಾವ ಭಾಗ ಕೈಕೊಟ್ಟಿದೆ ಅಂತ ಗೊತ್ತಾಗುವ ತನಕ ಫಾರ್ಮ್ಯಾಟೂ ಬೇಡ, ಹೊಸ ಪಾರ್ಟೂ ಬೇಡ. ಫಾರ್ಮ್ಯಾಟ್ ಮಾಡಿದರೆ ಮಕ್ಕಳ ಫೋಟೊ, ಪಹಣಿಯ ಸ್ಕ್ಯಾನು, ಮಾರ್ಕ್ಸ್ ಕಾರ್ಡು ಹೋಗುತ್ತವೆ. ಸೋತುಹೋದ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ವೋಲ್ಟೇಜಿಗೆ ಇಳಿಸಿ ಕೊಡುವ ಡಬ್ಬ) ಮಾತ್ರ ಅಲ್ಲೇ ಕೂತಿರುತ್ತದೆ.

ಮಾತಾಡಲು ಅನುಕೂಲ ಆಗಲಿ ಅಂತ ಒಂದು ಮಾಮೂಲಿ ಸಿಸ್ಟಮ್ ಇಟ್ಟುಕೊಳ್ಳೋಣ. 2014-15ರ ಸುಮಾರಿಗೆ ಜೋಡಿಸಿದ್ದು. ಇಂಟೆಲ್ 4ನೇ ಜನರೇಷನ್ ಐ3 ಅಥವಾ ಐ5, ಎಚ್81 ಮದರ್‌ಬೋರ್ಡ್, 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ಕ್ಯಾಬಿನೆಟ್ ಜೊತೆಗೇ ಬಂದ ಎಸ್‌ಎಂಪಿಎಸ್. ಇಂಥವು ಇನ್ನೂ ಎಷ್ಟೋ ಮನೆ, ಜೆರಾಕ್ಸ್ ಅಂಗಡಿ, ಸಣ್ಣ ಆಫೀಸುಗಳಲ್ಲಿ ಓಡುತ್ತಿವೆ.

ಮೊದಲ ಕೆಲಸ, ಮುಖ್ಯವಾದ ಫೈಲುಗಳನ್ನು ಪೆನ್‌ಡ್ರೈವ್‌ಗೋ ಎಕ್ಸ್‌ಟರ್ನಲ್ ಡಿಸ್ಕ್‌ಗೋ ಹಾಕಿಕೊಳ್ಳುವುದು. ಉಳಿದ ಪರೀಕ್ಷೆ ಎಲ್ಲ ಆಮೇಲೆ.

ಇನ್ನು ಅದು ಹೇಗೆ ನಿಲ್ಲುತ್ತದೆ ಅನ್ನೋದನ್ನು ಗಮನಿಸಿ. ಕರೆಂಟ್ ಹೋದ ಹಾಗೆ ಟಪ್ ಅಂತ ಆಫ್ ಆದರೆ ಅನುಮಾನ ಕರೆಂಟಿನ ದಾರಿಯ ಮೇಲೆ: ಪ್ಲಗ್ಗು, ಯುಪಿಎಸ್, ಎಸ್‌ಎಂಪಿಎಸ್. ಮೌಸ್ ಅಲ್ಲಾಡದೆ, ಹಾರ್ಡ್ ಡಿಸ್ಕಿನ ಲೈಟು ಹೊತ್ತಿಕೊಂಡೇ ಇದ್ದು, ಒಂದೆರಡು ನಿಮಿಷ ಬಿಟ್ಟು ಮತ್ತೆ ಚೇತರಿಸಿಕೊಂಡರೆ ಡಿಸ್ಕು ಅಥವಾ ಅದರ ಕೇಬಲ್. ಪ್ರತಿ ಸಲವೂ ಬೇರೆ ಬೇರೆ ಕೋಡಿನ ನೀಲಿ ಪರದೆ ಬಂದರೆ ರ‍್ಯಾಮ್ ಮೇಲೆ ಕಣ್ಣಿಡಿ. ಒಂದೇ ಕೋಡು ಮತ್ತೆ ಮತ್ತೆ ಬಂದರೆ ಯಾವುದೋ ಒಂದು ಡ್ರೈವರ್ (ಹಾರ್ಡ್‌ವೇರನ್ನು ವಿಂಡೋಸ್ ಜೊತೆ ಕೆಲಸ ಮಾಡಿಸುವ ಸಾಫ್ಟ್‌ವೇರ್) ಇರಬಹುದು. ಇವು ಸುಳಿವುಗಳಷ್ಟೇ, ತೀರ್ಪಲ್ಲ.

ನೀಲಿ ಪರದೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತದೆ ಅನ್ನುವವರು ಸಿಸ್ಟಮ್ ಪ್ರಾಪರ್ಟೀಸ್‌ನಲ್ಲಿ ಅಡ್ವಾನ್ಸ್‌ಡ್, ಅಲ್ಲಿ ಸ್ಟಾರ್ಟಪ್ ಅಂಡ್ ರಿಕವರಿ ತೆರೆದು 'ಆಟೋಮ್ಯಾಟಿಕಲಿ ರೀಸ್ಟಾರ್ಟ್' ಮುಂದಿನ ಟಿಕ್ ತೆಗೆಯಿರಿ. ಇನ್ನು ಮುಂದೆ ಪರದೆ ನಿಂತೇ ಇರುತ್ತದೆ, ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಬಹುದು. ಆಫ್ ಆದ ದಿನ, ಹೊತ್ತು, ಆಗ ಏನು ಓಡುತ್ತಿತ್ತು ಅನ್ನೋದನ್ನು ಒಂದು ಹಾಳೆಯಲ್ಲಿ ಬರೆದಿಡಿ. ನಾಲ್ಕೈದು ಸಲದ ದಾಖಲೆ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ.

ವಿಂಡೋಸ್‌ನ ದಾಖಲೆ ಪುಸ್ತಕವಾದ ಇವೆಂಟ್ ವ್ಯೂವರ್ ತೆರೆದವರೆಲ್ಲ 'ಕರ್ನಲ್-ಪವರ್ 41' ನೋಡಿ ಎಸ್‌ಎಂಪಿಎಸ್ ಹೋಗಿದೆ ಅಂತ ತೀರ್ಮಾನಕ್ಕೆ ಬರುತ್ತಾರೆ. ಹೆಸರಿನಲ್ಲಿ ಪವರ್ ಇರುವುದೇ ಈ ಗೊಂದಲಕ್ಕೆ ಕಾರಣ. "ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ" ಅಂತ ವಿಂಡೋಸ್ ಮತ್ತೆ ಎದ್ದ ಮೇಲೆ ಬರೆದುಕೊಳ್ಳುವ ಟಿಪ್ಪಣಿ ಅದು, ಅಷ್ಟೇ. ಅದರ ಡೀಟೇಲ್ಸ್ ಟ್ಯಾಬಿನಲ್ಲಿ 'ಬಗ್‌ಚೆಕ್‌ಕೋಡ್' ಅಂತ ಒಂದು ಸಾಲಿದೆ, ನೋಡಬೇಕಾದ್ದು ಅದನ್ನು. ಅಲ್ಲಿ 0 ಇದ್ದರೆ ವಿಂಡೋಸ್‌ಗೆ ಏನನ್ನೂ ಬರೆಯಲು ಪುರುಸೊತ್ತೇ ಸಿಕ್ಕಿಲ್ಲ: ಕರೆಂಟು, ಬೋರ್ಡು, ಇಲ್ಲವೇ ಹ್ಯಾಂಗ್ ಆದಾಗ ನೀವೇ ಬಟನ್ ಒತ್ತಿ ಆಫ್ ಮಾಡಿದ್ದು. 26 ಇದ್ದರೆ ಮೆಮೊರಿ ಮ್ಯಾನೇಜ್‌ಮೆಂಟ್ ದೋಷ. 278 ಗ್ರಾಫಿಕ್ಸ್ ಡ್ರೈವರ್ ಸ್ಪಂದಿಸದೆ ಹೋದದ್ದು. 292 ಬಂದರೆ ಹಾರ್ಡ್‌ವೇರೇ ತಪ್ಪು ವರದಿ ಮಾಡಿದೆ. ಇಲ್ಲಿ ಅಂಕಿಗಳು ದಶಮಾಂಶದಲ್ಲಿರುತ್ತವೆ, ನೀಲಿ ಪರದೆಯ ಕೋಡ್‌ಗಳ ಪಟ್ಟಿ ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) ಇರುತ್ತದೆ. 26 ಅಂದರೆ ಅಲ್ಲಿ 1ಎ, 292 ಅಂದರೆ 124. ಹುಡುಕುವಾಗ ಇದನ್ನು ಮರೆತರೆ ಪೂರಾ ಬೇರೆ ರೋಗಕ್ಕೆ ಮದ್ದು ಹುಡುಕಿದಂತಾಗುತ್ತದೆ.

ಕರೆಂಟಿನ ದಾರಿಯನ್ನು ಗೋಡೆಯಿಂದ ಶುರುಮಾಡಿ. ಫ್ರಿಜ್ಜು ಚಾಲೂ ಆದಾಗ, ಬೋರ್ ಮೋಟಾರ್ ಹಾಕಿದಾಗ ಸಿಸ್ಟಮ್ ರೀಸ್ಟಾರ್ಟ್ ಆಗುತ್ತದೆ ಅಂದರೆ ಯುಪಿಎಸ್ ನೋಡಿ. ಮನೆಗಳಲ್ಲಿರುವ 600 ವಿಎ ಯುಪಿಎಸ್ ಒಳಗೆ ಸಾಮಾನ್ಯವಾಗಿ 12 ವೋಲ್ಟ್ 7 ಎಎಚ್ ಬ್ಯಾಟರಿ ಇರುತ್ತದೆ. ಎರಡು ಮೂರು ವರ್ಷಕ್ಕೆ ಅದು ಸುಸ್ತಾಗುತ್ತದೆ. ಮೇಲೆ ಹಸಿರು ದೀಪ ಉರಿಯುತ್ತಿದ್ದರೂ ವೋಲ್ಟೇಜ್ ಕುಸಿದ ಕ್ಷಣ ಲೋಡ್ ಹೊರಲು ಆಗದೆ ಬಿದ್ದುಹೋಗುತ್ತದೆ. ಎರಡು ದಿನ ಯುಪಿಎಸ್ ಬಿಟ್ಟು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿ ನೋಡಿ. ತೊಂದರೆ ನಿಂತರೆ ಬ್ಯಾಟರಿ ಬದಲಿಸಿದರೆ ಸಾಕು. ಕ್ಯಾಬಿನೆಟ್ ಮುಟ್ಟಿದಾಗ ಕೈಗೆ ಜುಂ ಅನ್ನುತ್ತಿದ್ದರೆ ಅರ್ಥಿಂಗ್ ಸರಿಯಿಲ್ಲ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಇದು ಕಂಪ್ಯೂಟರ್ ಉಳಿಸುವ ವಿಷಯಕ್ಕಿಂತ ಜೀವ ಉಳಿಸುವ ವಿಷಯ.

ಎಸ್‌ಎಂಪಿಎಸ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಹಳೇ ಡೆಸ್ಕ್‌ಟಾಪ್‌ಗಳ ಅರ್ಧ ಗೋಳು ಅಲ್ಲೇ ಇದೆ. ಪಕ್ಕದ ಸ್ಟಿಕ್ಕರ್ ಮೇಲೆ ದೊಡ್ಡದಾಗಿ 450 ಅಂತ ಇರುತ್ತದೆ. ಅದನ್ನು ನಂಬದೆ ಕೆಳಗಿನ ಪಟ್ಟಿಯಲ್ಲಿ +12 ವೋಲ್ಟ್ ಎದುರಿಗೆ ಎಷ್ಟು ಆಂಪಿಯರ್ ಅಂತ ಓದಿ. 16 ಇದ್ದರೆ ಹನ್ನೆರಡರಿಂದ ಗುಣಿಸಿ: 192 ವ್ಯಾಟ್. ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ನಿಜವಾಗಿ ಸಿಗುವುದು ಅಷ್ಟು ಮಾತ್ರ, ಅದೂ ಹೊಸದಿದ್ದಾಗ. ಹತ್ತು ವರ್ಷದಲ್ಲಿ ಒಳಗಿನ ಕೆಪಾಸಿಟರ್‌ಗಳು ಒಣಗಿರುತ್ತವೆ. ಅಳೆಯುವುದು ಹೀಗೆ: ಸಿಸ್ಟಮ್ ಮೇಲೆ ಪ್ರೊಸೆಸರನ್ನು ಪೂರ್ತಿ ದುಡಿಸುವ ಪ್ರೈಮ್95 ಸಾಫ್ಟ್‌ವೇರ್ ಓಡಿಸಿ ಭಾರ ಹಾಕಿ, ಖಾಲಿ ಇರುವ ನಾಲ್ಕು ಪಿನ್ನಿನ ಮೊಲೆಕ್ಸ್ ಕನೆಕ್ಟರಿನಲ್ಲಿ ಹಳದಿ ಮತ್ತು ಕಪ್ಪು ವೈರಿಗೆ ಮಲ್ಟಿಮೀಟರ್ ಹಿಡಿಯಿರಿ. 11.4ರಿಂದ 12.6 ವೋಲ್ಟ್ ಒಳಗಿರಬೇಕು. ಕೆಂಪು-ಕಪ್ಪು ನಡುವೆ 4.75ರಿಂದ 5.25. ಭಾರ ಬಿದ್ದ ಕೂಡಲೇ ಹಳದಿ 11.2ಕ್ಕೆ ಇಳಿದರೆ ಬೇರೆ ಸಾಕ್ಷಿ ಬೇಡ. 24 ಪಿನ್ ಕನೆಕ್ಟರಿನ ಹಸಿರು ವೈರನ್ನು ಕಪ್ಪಿಗೆ ಕ್ಲಿಪ್ಪಿನಿಂದ ಸೇರಿಸಿ ಫ್ಯಾನ್ ತಿರುಗಿತು, ಆದ್ದರಿಂದ ಎಸ್‌ಎಂಪಿಎಸ್ ಚೆನ್ನಾಗಿದೆ ಅನ್ನುವ ಪರೀಕ್ಷೆಯನ್ನು ನಂಬಬೇಡಿ. ಅದು ಶುರುವಾಗುತ್ತದೆ ಅಂತಷ್ಟೇ ಗೊತ್ತಾಗುತ್ತದೆ, ಭಾರ ಹೊರುತ್ತದೆಯೇ ಅಂತಲ್ಲ. ಡಬ್ಬವನ್ನು ಬಿಚ್ಚಲೇಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್‌ಗೂ ಮೇಲೆ ಚಾರ್ಜ್ ನಿಂತಿರುತ್ತದೆ, ಪ್ಲಗ್ ಕಿತ್ತ ಮೇಲೂ.

ಬಿಸಿಯನ್ನು ಜನ ಬೇಗ ದೂರುತ್ತಾರೆ. ಆದರೆ ಇಂಟೆಲ್ ಪ್ರೊಸೆಸರ್ 100 ಡಿಗ್ರಿ ಹತ್ತಿರ ಬಂದಾಗ ಮೊದಲು ವೇಗ ಇಳಿಸಿಕೊಳ್ಳುತ್ತದೆ, ಆಫ್ ಆಗುವುದು ಇನ್ನೂ ಮೇಲೆ. ಏನೂ ಓಡದಿದ್ದಾಗಲೇ ಆಫ್ ಆಗುವ ಸಿಸ್ಟಮ್‌ಗೆ ಬಿಸಿ ಕಾರಣ ಆಗಿರುವುದು ಕಡಿಮೆ. ಬಿಸಿ ಎಷ್ಟಿದೆ ಅಂತ ತೋರಿಸುವ ಎಚ್‌ಡಬ್ಲ್ಯೂಇನ್ಫೊ ಸಾಫ್ಟ್‌ವೇರ್ ಹಾಕಿ ನೋಡಿ: ಭಾರ ಹಾಕಿದಾಗ 85ರ ಒಳಗಿದ್ದರೆ ಚಿಂತೆಯಿಲ್ಲ. ನಿಮಿಷದೊಳಗೆ 95 ದಾಟಿದರೆ ಕೂಲರ್ ಅಲುಗಾಡಿಸಿ ನೋಡಿ. ಕಂಪನಿಯಿಂದ ಬಂದ ಕೂಲರಿನ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಎದ್ದಿದ್ದರೂ ಆ ಮೂಲೆಯಲ್ಲಿ ತಗಡು ಪ್ರೊಸೆಸರಿಗೆ ತಾಗುವುದಿಲ್ಲ. ಪಿನ್ನಿನ ತಲೆಯನ್ನು ಬಾಣದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಹಳೇ ಥರ್ಮಲ್ ಪೇಸ್ಟ್ ಗಟ್ಟಿ ಸುಣ್ಣದ ಹಕ್ಕಳೆಯ ಹಾಗೆ ಉದುರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ನಡುವೆ ಇಡಿ. ಪಿನ್‌ಗಳನ್ನು ಮೊದಲಿನ ಸ್ಥಾನಕ್ಕೆ ತಿರುಗಿಸಿಕೊಂಡು, ಎದುರುಬದುರು ಮೂಲೆಗಳನ್ನು ಜೋಡಿಯಾಗಿ ಒತ್ತಿ. ಟಕ್ ಅಂತ ಸದ್ದು ಬರಬೇಕು, ಬೋರ್ಡಿನ ಹಿಂದೆ ನಾಲ್ಕೂ ಕಾಲು ಅಗಲಿಸಿ ನಿಂತಿರುವುದು ಕಾಣಬೇಕು. ಬ್ಲೋವರ್ ಹಿಡಿದು ಧೂಳು ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಲ್ಲಿ ತಡೆದುಕೊಳ್ಳಿ, ಅಡ್ಡಾದಿಡ್ಡಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ರ‍್ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ, ರಾತ್ರಿ ಬಿಟ್ಟು ಮಲಗಿ. ಕಡಿಮೆಯೆಂದರೆ ನಾಲ್ಕು ಪಾಸ್ (ಪೂರ್ತಿ ಸುತ್ತು) ಮುಗಿಯಬೇಕು. ಒಂದೇ ಒಂದು ತಪ್ಪು ಬಂದರೂ ಪಾಸಾಗಿಲ್ಲ ಅಂತಲೇ ಲೆಕ್ಕ. ತಪ್ಪು ಬಂದ ಮಾತ್ರಕ್ಕೆ ರ‍್ಯಾಮ್ ಎಸೆಯಬೇಡಿ. ಮಲೆನಾಡು, ಕರಾವಳಿಯ ಮಳೆಗಾಲದ ತೇವಕ್ಕೆ ಕಾಂಟ್ಯಾಕ್ಟ್‌ಗಳು ಮಬ್ಬಾಗುತ್ತವೆ. ಮೆತ್ತನೆಯ ಬಿಳಿ ರಬ್ಬರಿನಿಂದ ಚಿನ್ನದ ಬಣ್ಣದ ಪಟ್ಟಿಯನ್ನು ಹಗುರವಾಗಿ ಉಜ್ಜಿ, ಪುಡಿ ಕೊಡವಿ, ಆಲ್ಕೋಹಾಲಿನಲ್ಲಿ ಒರೆಸಿ, ಇನ್ನೊಂದು ಸ್ಲಾಟಿಗೆ ಹಾಕಿ ಮತ್ತೆ ಪರೀಕ್ಷೆ ಮಾಡಿ. ಎರಡು ಸ್ಟಿಕ್ ಇದ್ದರೆ ಒಂದೊಂದನ್ನೇ ಹಾಕಿ. ತಪ್ಪು ಸ್ಟಿಕ್ಕಿನ ಜೊತೆ ಹೋಗುತ್ತದೋ, ಸ್ಲಾಟಿನಲ್ಲೇ ಉಳಿಯುತ್ತದೋ ಅನ್ನೋದರ ಮೇಲೆ ರ‍್ಯಾಮೋ ಬೋರ್ಡೋ ಅಂತ ತೀರ್ಮಾನ.

ಡಿಸ್ಕಿನ ಆರೋಗ್ಯ ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಸಾಫ್ಟ್‌ವೇರ್. 05, ಸಿ5, ಸಿ6 (ಡಿಸ್ಕಿನ ಕೆಟ್ಟ ಜಾಗಗಳ ಲೆಕ್ಕ) ಈ ಮೂರು ಸಾಲಿನ ರಾ ವ್ಯಾಲ್ಯೂ ಸೊನ್ನೆ ಇರಬೇಕು. ಸಿ5 ದಿನದಿನಕ್ಕೆ ಏರುತ್ತಿದ್ದರೆ ಡಿಸ್ಕು ಕೊನೆಯ ದಾರಿಯಲ್ಲಿದೆ. ಸಿ7 ಒಂದೇ ಏರುತ್ತಿದ್ದರೆ ಡಿಸ್ಕಿನದಲ್ಲ, ಅದನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ಲಿನ ತಪ್ಪು. ಕಡಿಮೆ ಬೆಲೆಯ ಆ ಕೇಬಲ್ ಬದಲಿಸಿ. ಸಿ7ರ ಹಳೇ ಅಂಕಿ ಇಳಿಯುವುದಿಲ್ಲ, ಏರುವುದು ನಿಂತರೆ ಸಾಕು. ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು: ಸಾಯುತ್ತಿರುವ ಡಿಸ್ಕಿನ ಮೇಲೆ ಕೆಟ್ಟ ಸೆಕ್ಟರ್ ಹುಡುಕುವ ಚೆಕ್‌ಡಿಸ್ಕ್ (ವಿಂಡೋಸ್‌ನ chkdsk /r) ಓಡಿಸಬೇಡಿ. ಅದು ಇಡೀ ಡಿಸ್ಕನ್ನು ಗಂಟೆಗಟ್ಟಲೆ ಕೆರೆಯುತ್ತದೆ, ಉಳಿದ ಉಸಿರನ್ನೂ ತೆಗೆಯುತ್ತದೆ. ಮೊದಲು ಫೈಲು ಹೊರಗೆ ತೆಗೆಯಿರಿ.

ಇಷ್ಟಾದರೂ ಕಾರಣ ಸಿಗದಿದ್ದರೆ, ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಮಿಂಟ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ, ಮೂರು ನಾಲ್ಕು ಗಂಟೆ ವಿಡಿಯೊ ಓಡಿಸಿ. ಅಲ್ಲೂ ನಿಂತುಹೋದರೆ ಹಾರ್ಡ್‌ವೇರ್. ಅಲ್ಲಿ ಗಟ್ಟಿಯಾಗಿ ನಿಂತು ವಿಂಡೋಸ್‌ನಲ್ಲಿ ಮಾತ್ರ ಬಿದ್ದರೆ ವಿಂಡೋಸ್, ಡ್ರೈವರ್ ಅಥವಾ ಡಿಸ್ಕು. ಫಾರ್ಮ್ಯಾಟ್ ಮಾತು ಬರಬೇಕಾದ್ದು ಈ ಹಂತದಲ್ಲಿ. ಗ್ರಾಫಿಕ್ಸ್ ಕಾರ್ಡ್ ಇದ್ದವರು ಅದನ್ನು ತೆಗೆದು ಬೋರ್ಡಿನ ಡಿಸ್ಪ್ಲೇ ಪೋರ್ಟಿನಲ್ಲೇ ಎರಡು ದಿನ ನಡೆಸಿ ನೋಡಬೇಕು. ಯಾವುದೇ ಆದರೂ ಒಂದು ಸಲಕ್ಕೆ ಒಂದೇ ಬದಲಾವಣೆ.

ಇನ್ನು ದುಡ್ಡಿನ ವಿಷಯ. 2025ರ ಕೊನೆಯಿಂದ ಮೆಮೊರಿ ಬೆಲೆ ಜೋರಾಗಿ ಏರಿದೆ, ಎಐ ಡೇಟಾ ಸೆಂಟರ್‌ಗಳ ಬೇಡಿಕೆಯೇ ಕಾರಣ. ಎಸ್‌ಎಸ್‌ಡಿಗೂ ಅದರ ಬಿಸಿ ತಟ್ಟಿದೆ. ಹಾಗಾಗಿ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಲಿ, ನಿಮ್ಮೂರಿನ ಅಂಗಡಿಗೆ ಹೋಗಲಿ, ಎರಡು ಕಡೆ ಕೇಳಿ. ಬೆಲೆ ಬದಲಾದರೂ ಖರ್ಚಿನ ಸರದಿ ಬದಲಾಗುವುದಿಲ್ಲ. ಎಸ್‌ಎಂಪಿಎಸ್ ಸೋತಿದ್ದರೆ ಮೊದಲು ಅದು. 80 ಪ್ಲಸ್ ಬ್ರಾಂಝ್ (ಕರೆಂಟ್ ಪೋಲು ಕಡಿಮೆ ಅನ್ನುವ ದರ್ಜೆ) ಗುರುತಿರುವ 450 ವ್ಯಾಟ್ ಸಾಕು, ಮುಂದಿನ ಸಿಸ್ಟಮ್‌ಗೂ ಬರುತ್ತದೆ. ಆಮೇಲೆ 240 ಅಥವಾ 256 ಜಿಬಿ ಸಾಟಾ ಎಸ್‌ಎಸ್‌ಡಿ. ನಿಧಾನದ ಡೆಸ್ಕ್‌ಟಾಪಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಎಚ್81 ಬೋರ್ಡಿನಲ್ಲಿ ನಾಲ್ಕು ಸಾಟಾ ಪೋರ್ಟ್ ಇದ್ದರೂ ಪೂರ್ಣ ವೇಗದ 6 ಗಿಗಾಬಿಟ್ ಪೋರ್ಟ್ ಎರಡೇ. ಬೋರ್ಡಿನ ಮೇಲಿನ ಅಕ್ಷರ ಓದಿ ಅದಕ್ಕೇ ಹಾಕಿ, ಬಯೋಸ್‌ನಲ್ಲಿ (ಬೋರ್ಡಿನ ಸ್ವಂತ ಸೆಟ್ಟಿಂಗ್ ಪರದೆ) ಸಾಟಾ ಮೋಡ್ ಎಎಚ್‌ಸಿಐ ಇದೆಯೇ ನೋಡಿ.

ಮೂರನೆಯದು ರ‍್ಯಾಮ್. ಎರಡೇ ಸ್ಲಾಟ್, ಹೆಚ್ಚೆಂದರೆ 16 ಜಿಬಿ. 4 ಇರುವಲ್ಲಿ ಅಂಥದೇ ಇನ್ನೊಂದು 4 ಹಾಕಿದರೆ ಡ್ಯುಯಲ್ ಚಾನೆಲ್ (ಎರಡೂ ಸ್ಟಿಕ್ ಒಟ್ಟಿಗೆ ದುಡಿಯುವ ವಿಧಾನ) ಆಗಿ ಬೋರ್ಡಿನ ಗ್ರಾಫಿಕ್ಸ್ ಕೂಡ ಚುರುಕಾಗುತ್ತದೆ. ಆನ್‌ಲೈನಿನಲ್ಲಿ ತೀರಾ ಅಗ್ಗಕ್ಕೆ ಸಿಗುವ ಡಿಡಿಆರ್3 ಸ್ಟಿಕ್‌ಗಳ ವಿವರವನ್ನು ಪೂರ್ತಿ ಓದಿ. "ಎಎಂಡಿ ಬೋರ್ಡಿಗೆ ಮಾತ್ರ" ಅಂತ ಮೂಲೆಯಲ್ಲಿದ್ದರೆ ಅದು ನಿಮ್ಮ ಇಂಟೆಲ್ ಬೋರ್ಡಿನಲ್ಲಿ ಏಳುವುದೇ ಇಲ್ಲ. ಐ3-4130 ಇದ್ದವರು ಸೆಕೆಂಡ್ ಹ್ಯಾಂಡ್ ಐ5-4570 ಹಾಕಿಕೊಳ್ಳಬಹುದು, ಎರಡು ಕೋರ್ ನಾಲ್ಕಾಗುತ್ತದೆ. ಜಿಟಿ 710 ಥರದ ಗ್ರಾಫಿಕ್ಸ್ ಕಾರ್ಡ್ ಬೇಡ, ಆ ದುಡ್ಡಿಗೆ ಬೋರ್ಡಿನ ಗ್ರಾಫಿಕ್ಸ್‌ಗಿಂತ ಹೇಳಿಕೊಳ್ಳುವಂಥ ಲಾಭವಿಲ್ಲ. ಆರ್‌ಎಕ್ಸ್ 6400 ಕೂಡ ಈ ಬೋರ್ಡಿಗಲ್ಲ: ಅದು ಬಳಸುವುದು ನಾಲ್ಕೇ ಲೇನ್ (ಡೇಟಾ ಓಡಾಡುವ ದಾರಿ), ಎಚ್81 ಕೊಡುವುದು ಪಿಸಿಐ ಎಕ್ಸ್‌ಪ್ರೆಸ್ 2.0 ವೇಗ, ಕಾರ್ಡಿಗೆ ಉಸಿರುಕಟ್ಟುತ್ತದೆ.

ಬೋರ್ಡೇ ಹೋಗಿದ್ದರೆ ಅಲ್ಲಿಗೆ ನಿಲ್ಲಿಸಿ. ಹಳೇ ಸಾಕೆಟ್ಟಿನ ಬೋರ್ಡಿಗೆ ದುಡ್ಡು ಸುರಿಯಬೇಡಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್ 8ನೇ ಜನರೇಷನ್ ಮೇಲಿನದು. ಬೋರ್ಡು ಚೆನ್ನಾಗಿದ್ದರೆ 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಲಿನಕ್ಸ್ ಮಿಂಟ್ ಜೊತೆ ಇನ್ನೂ ಕೆಲವು ವರ್ಷ ನಡೆಯುತ್ತದೆ. ಕನ್ನಡ ಟೈಪಿಂಗಿನ ನುಡಿ ಸಾಫ್ಟ್‌ವೇರಿನ ಕೆಜಿಪಿ ಕೀಲಿಮಣೆಯೂ ಅದರಲ್ಲಿ ಸಿಗುತ್ತದೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಫೈಲುಗಳನ್ನು ಮಾತ್ರ ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್ ಕೆಲಸ ಮಾಡುತ್ತವೆಯೇ ಅಂತ ಇನ್‌ಸ್ಟಾಲ್‌ಗೆ ಮುಂಚೆ ಪೆನ್‌ಡ್ರೈವ್‌ನಿಂದಲೇ ನೋಡಿಕೊಳ್ಳಿ.

ಬೇರೆ ಸಿಸ್ಟಮ್ ಕೊಳ್ಳುವುದೇ ಆದರೆ ಆಫೀಸುಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಐ5-8500 ಡಬ್ಬಗಳನ್ನು ಹುಡುಕಿ, ಆರು ಕೋರ್, ವಿಂಡೋಸ್ 11 ಪಟ್ಟಿಯಲ್ಲಿದೆ. ಅಂಗಡಿಯಲ್ಲೇ ಆನ್ ಮಾಡಿಸಿ, ಬಯೋಸ್ ಒಳಗೆ ಹೋಗಿ ನೋಡಿ; ಪಾಸ್‌ವರ್ಡ್ ಕೇಳಿದರೆ ತೆಗೆಸದೆ ದುಡ್ಡು ಕೊಡಬೇಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಡಿಸ್ಕ್ ಎಷ್ಟು ಗಂಟೆ ಓಡಿದೆ ಅಂತ ನೋಡಿ. ಪಕ್ಕದ ಬಾಗಿಲು ತೆಗೆಸಿ ಎಸ್‌ಎಂಪಿಎಸ್ ಕನೆಕ್ಟರ್ ನೋಡಿ. 24 ಪಿನ್ ಇಲ್ಲದಿದ್ದರೆ ಅದು ಕಂಪನಿಯ ಸ್ವಂತ ಮಾದರಿ, ಹೊರಗಿನ ಎಸ್‌ಎಂಪಿಎಸ್ ನೇರವಾಗಿ ಹೊಂದುವುದಿಲ್ಲ. ಅದು ಕೆಟ್ಟರೆ ಬದಲಿ ಕೊಡುತ್ತೀರಾ ಅಂತ ಕೇಳಿ, ಬಿಲ್ಲಿನ ಮೇಲೇ ಬರೆಸಿಕೊಳ್ಳಿ.