ಬಣ್ಣದ ಗಿಡ ಹಸಿರಾದರೆ ಅದು ನರ್ಸರಿಯ ಮೋಸವಲ್ಲ

ಶಿರಸಿ ಕಡೆ ಈಗ ಒಂದು ಮಾತು ಹರಿದಾಡುತ್ತಿದೆ. ಕ್ರೋಟನ್ ಹಸಿರಾದರೆ ನರ್ಸರಿಯವರು ಎಲೆಗೆ ಬಣ್ಣ ಹಚ್ಚಿ ಮಾರಿದ್ದಾರಂತೆ, ಬುಡಕ್ಕೆ ಎಪ್ಸಮ್ ಉಪ್ಪು ಹಾಕಿದರೆ ಬಣ್ಣ ವಾಪಸ್ ಬರುತ್ತದಂತೆ. ಎರಡೂ ತಪ್ಪು. ಸುಮ್ನೆ ಯಾರನ್ನೋ ದೂರಬೇಡಿ. ಆ ಉಪ್ಪಿನಲ್ಲಿರುವ ಮೆಗ್ನೀಸಿಯಂ ಎಲೆಯ ಹಸಿರಿಗೇ ಬೇಕಾದದ್ದು!

ಕ್ರೋಟನ್‌ಗೆ ಬಣ್ಣ ಬರಲು ಬಿಸಿಲು ಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡವೇ ಜಾಸ್ತಿ, ಅದರ ಮೇಲೆ ಅಡಿಕೆ ಮರದ ನೆರಳು. ಹಸಿರಾಗದೆ ಇನ್ನೇನು? ಕುಂಡವನ್ನು ಬಿಸಿಲಿಗೆ ಸರಿಸಿ, ಹೊಸ ಎಲೆ ಬಲಿಯುವವರೆಗೆ ಕಾಯಿರಿ. ಎಷ್ಟೋ ಜಾತಿಗಳಲ್ಲಿ ಚಿಗುರು ಹಸಿರಾಗಿಯೇ ಇದ್ದು, ಬಲಿತ ಮೇಲೆ ಕೆಂಪಾಗುತ್ತದೆ.

ಎಲೆಗೆ ಬಿಳಿ ಅಂಚಿರುವ ದಾಸವಾಳದ ಕತೆ ಬೇರೆ. ನಮ್ಮ ಅಂಗಳದ ಗಿಡದ ಬುಡದಿಂದ ಅಚ್ಚ ಹಸಿರಿನ ಒಂದೇ ಒಂದು ಟಿಸಿಲು ಹೊರಟು, ಉಳಿದೆಲ್ಲವನ್ನೂ ಗೇಣುದ್ದ ಮೀರಿ ನಿಂತಿತ್ತು. ಇಂಥ ಗಿಡದಲ್ಲಿ ಹಸಿರು ಜೀವಕೋಶ, ಬಿಳಿ ಜೀವಕೋಶ ಎರಡೂ ಒಟ್ಟಿಗಿರುತ್ತವೆ. ಬರೀ ಹಸಿರು ಜೀವಕೋಶದಿಂದ ಹುಟ್ಟಿದ ಟಿಸಿಲು ಆಹಾರ ಜಾಸ್ತಿ ತಯಾರಿಸಿ ಬೇಗ ಬೆಳೆಯುತ್ತದೆ, ಬಿಟ್ಟರೆ ಗಿಡವನ್ನೇ ನುಂಗುತ್ತದೆ. ಬಿಸಿಲಿಗಿಟ್ಟರೂ ಅದು ಬಿಳಿಯಾಗುವುದಿಲ್ಲ. ಕಂಡ ದಿನವೇ, ಹೊರಟ ಜಾಗದಿಂದಲೇ ಕತ್ತರಿಸಿ. ತುದಿ ಮಾತ್ರ ಚಿವುಟಿದರೆ ಮತ್ತೆ ಹಸಿರೇ ಕವಲೊಡೆಯುತ್ತದೆ.